ತಾಯಿಗೆ ಗೊತ್ತಾಗುವ ಮೊದಲೇ ಕೂಸಿನ ಬೆನ್ನು

(ಹೊರರೋಗಿ ವಿಭಾಗದ ಪಡಸಾಲೆಯಲ್ಲಿ ತಾಯಂದಿರಿಗೆ ಹಾಗೂ ಅವರ ಮನೆಯವರಿಗೆ ನೀಡಿದ ಆರೋಗ್ಯ ಉಪನ್ಯಾಸದ ಬರಹರೂಪ)



ಬೆಟಗೇರಿ ಓಣಿಗಳಿಂದ ನಡೆದು ಬಂದವರು, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯಿಂದ ನಸುಕಿನ ಬಸ್ಸು ಹಿಡಿದು ಬಂದವರು ಇಲ್ಲಿ ಕುಳಿತಿದ್ದೀರಿ. ಚೀಟಿ ಮಾಡಿಸಿದ್ದೀರಿ, ಡಾಕ್ಟರು ಕರೆಯುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ. ಆ ಹೊತ್ತಿನಲ್ಲಿ ಒಂದು ವಿಷಯ ಹೇಳುತ್ತೇನೆ. ಹೊಟ್ಟೆಯೊಳಗಿನ ಕೂಸಿನ ಬೆನ್ನೆಲುಬು ಹೇಗೆ ಕಟ್ಟುತ್ತದೆ ಮತ್ತು ಯಾವಾಗ ಕಟ್ಟುತ್ತದೆ ಎಂಬುದೇ ಆ ವಿಷಯ. "ಅದು ಡಾಕ್ಟರು ಓದೂದು, ನಮಗ್ಯಾಕ್ರೀ ಸಿಸ್ಟರ್?" ಎಂದು ಕೇಳಬಹುದು. ಯಾಕೆ ಬೇಕು ಎಂಬುದಕ್ಕೆ ನಮ್ಮ ಮನೆಯ ಮಾತನ್ನೇ ಮೊದಲು ಹೇಳುತ್ತೇನೆ.

ನಮ್ಮಕ್ಕನ ಮಾತು

ನಾನು ನರ್ಸಿಂಗ್ ಡಿಪ್ಲೊಮಾಕ್ಕೆ ಸೇರಿದ ಮೊದಲ ವರ್ಷ. ನಮ್ಮಕ್ಕನಿಗೆ ಚೊಚ್ಚಲ ಹೆರಿಗೆಯಾಯಿತು. ಕೂಸಿನ ಸೊಂಟದ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡ ನೀರುಗುಳ್ಳೆಯಂಥ ಬಾವು ಇತ್ತು. ಕಾಲು ಸರಿಯಾಗಿ ಆಡುತ್ತಿರಲಿಲ್ಲ. ದೊಡ್ಡ ಆಸ್ಪತ್ರೆಗೆ ಒಯ್ದೆವು, ಶಸ್ತ್ರಚಿಕಿತ್ಸೆಯಾಯಿತು, ಕೂಸು ಉಳಿಯಿತು. ಆದರೆ ಮನೆಗೆ ಬಂದ ಮೇಲೆ ಮಾತು ಶುರುವಾದವು. "ಗ್ರಹಣದಾಗ ಹೊರಗ ಬಂದಿದ್ದೇನು? ಈಳಿಗಿ ಮುಟ್ಟಿದ್ದೇನು? ಭಾರ ಎತ್ತಿದ್ದೇನು?" ಎಂದು ಬಂದವರೆಲ್ಲ ಕೇಳಿದರು. ಅಕ್ಕ ಯಾರಿಗೂ ಉತ್ತರ ಕೊಡಲಿಲ್ಲ.

ಒಂದು ದಿನ ನಾನೂ ಕೇಳಿಬಿಟ್ಟೆ: "ಅಕ್ಕಾ, ನಿಜ ಹೇಳು, ಗ್ರಹಣದ ದಿನ ಏನರೆ ಹೆಚ್ಚಿದ್ದೇನು?" ಬಿಳಿ ಯೂನಿಫಾರ್ಮ್ ಹಾಕಿಕೊಳ್ಳುವ ತಂಗಿಯೇ ಹೀಗೆ ಕೇಳಿದಳಲ್ಲ ಎಂದು ಅವಳು ನನ್ನ ಮುಖ ನೋಡಿದಳು. ಆ ನೋಟ ನನಗೆ ಇವತ್ತಿಗೂ ಮರೆತಿಲ್ಲ. ಎರಡು ವರ್ಷದ ನಂತರ ತರಗತಿಯಲ್ಲಿ ಭ್ರೂಣದ ಬೆಳವಣಿಗೆಯ ಪಾಠ ಬಂದಾಗ ನನಗೆ ತಿಳಿಯಿತು. ಅಕ್ಕನಿಗೆ ತಾನು ಬಸುರಿ ಎಂಬುದು ಖಾತ್ರಿಯಾಗುವ ಹೊತ್ತಿಗೇ ಕೂಸಿನ ಬೆನ್ನು ಕಟ್ಟುವ ಕೆಲಸ ಮುಗಿದುಹೋಗಿತ್ತು. ಅವಳು ಮಾಡಿದ್ದು ಏನೂ ಇರಲಿಲ್ಲ. ನಾವು ಮೊದಲೇ ಮಾಡಬಹುದಾಗಿದ್ದ ಒಂದು ಸಣ್ಣ ಕೆಲಸವಿತ್ತು, ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅದನ್ನು ನಿಮಗೆ ತಿಳಿಸಬೇಕೆಂದೇ ಈ ಮಾತು.

ಬೆನ್ನು ಗೆಣ್ಣುಗೆಣ್ಣಾಗಿ ಏಕಿದೆ?

ನೀವು ಜೋಳದ ದಂಟು ನೋಡಿದ್ದೀರಿ. ಉದ್ದಕ್ಕೂ ಒಂದೇ ಸಮನೆ ಇಲ್ಲ, ಗೆಣ್ಣು ಗೆಣ್ಣಾಗಿ ಇದೆ. ನಮ್ಮ ಬೆನ್ನೂ ಹಾಗೆಯೇ. ನಿಮ್ಮ ಪಕ್ಕದಲ್ಲಿರುವ ಮಗುವಿನ ಬೆನ್ನ ಮೇಲೆ ಮೆಲ್ಲಗೆ ಬೆರಳಾಡಿಸಿ ನೋಡಿ, ಒಂದರ ಕೆಳಗೊಂದು ಮಣಿ ಪೋಣಿಸಿದಂತೆ ಹತ್ತುತ್ತದೆ. ಕುತ್ತಿಗೆಯಲ್ಲಿ 7 ಮಣಿ, ಎದೆಯ ಹಿಂದೆ 12, ಸೊಂಟದಲ್ಲಿ 5. ಅದರ ಕೆಳಗೆ ದೊಡ್ಡವರಾಗುವಷ್ಟರಲ್ಲಿ ಒಂದಕ್ಕೊಂದು ಕೂಡಿಕೊಳ್ಳುವ 5 ಮಣಿ, ತುದಿಯಲ್ಲಿ ಸಾಮಾನ್ಯವಾಗಿ 4 ಸಣ್ಣ ಮಣಿ. ಎದೆಯ 12 ಮಣಿಗಳಿಗೆ 12 ಜೋಡಿ ಪಕ್ಕೆಲುಬು. ಹೀಗೆ ತುಣುಕು ತುಣುಕಾಗಿ ಇರುವುದರಿಂದಲೇ ನಾವು ಬಗ್ಗುತ್ತೇವೆ, ಹೊಲದಲ್ಲಿ ಕಳೆ ತೆಗೆಯುತ್ತೇವೆ, ಮಗ್ಗದ ಮುಂದೆ ಕೂಡುತ್ತೇವೆ. ಒಂದೇ ಎಲುಬಿನ ಕೋಲಾಗಿದ್ದರೆ ಬಾಗಲು ಆಗುತ್ತಿರಲಿಲ್ಲ.

ಗರ್ಭ ನಿಂತು ಸುಮಾರು 20 ದಿನಕ್ಕೆ ಈ ತುಣುಕುಗಳು ಮೂಡಲು ಆರಂಭಿಸುತ್ತವೆ. ಆಗ ಭ್ರೂಣ ಎಳ್ಳುಕಾಳಿಗಿಂತ ಹೆಚ್ಚು ದೊಡ್ಡದಿರುವುದಿಲ್ಲ. ಅದರ ನಡುಗೆರೆಯ ಎರಡೂ ಬದಿಗೆ ತಲೆಯ ಕಡೆಯಿಂದ ಬಾಲದ ಕಡೆಗೆ ಜೋಡಿ ಜೋಡಿಯಾಗಿ ಸಣ್ಣ ಉಂಡೆಗಳು ಕಟ್ಟುತ್ತ ಹೋಗುತ್ತವೆ. ಇವುಗಳಿಗೆ ವೈದ್ಯರು ಸೋಮೈಟ್ ಎನ್ನುತ್ತಾರೆ. ನಾವು ತುಣುಕು ಎನ್ನೋಣ. ಐದನೆಯ ವಾರ ಮುಗಿಯುವುದರೊಳಗೆ ಇಂಥ 42ರಿಂದ 44 ಜೋಡಿ ತುಣುಕುಗಳಾಗುತ್ತವೆ. ಬೆನ್ನಮಣಿ, ಪಕ್ಕೆಲುಬು, ಬೆನ್ನಿನ ಸ್ನಾಯು, ಬೆನ್ನ ಚರ್ಮದ ಒಳಪದರು ಎಲ್ಲವೂ ಇವುಗಳಿಂದಲೇ ಆಗುತ್ತವೆ. ಬಾಲದ ತುದಿಯ ಕೆಲವು ತುಣುಕುಗಳು ಮುಂದೆ ಕರಗಿಹೋಗುತ್ತವೆ.

ಜೀವಕೋಶಗಳು ಮಾತಾಡಿಕೊಳ್ಳುತ್ತವೆ

ಇಷ್ಟು ಅಳತೆಯಾಗಿ ತುಣುಕು ಮಾಡುವವರು ಯಾರು? ಒಳಗೆ ಅಳತೆಗೋಲು ಹಿಡಿದು ಯಾರೂ ಕುಳಿತಿಲ್ಲ. ಜೀವಕೋಶಗಳೇ ಒಂದಕ್ಕೊಂದು ಸಂಕೇತ ಕೊಟ್ಟುಕೊಂಡು ಈ ಕೆಲಸ ಮಾಡುತ್ತವೆ. ಇದರಲ್ಲಿ ಮೂರು ಸಂಗತಿ ಇವೆ.

ಮೊದಲನೆಯದು, ಗಡಿಯಾರ. ಪ್ರತಿಯೊಂದು ಜೀವಕೋಶದ ಒಳಗೆ ಕೆಲವು ಜೀನುಗಳು ಹೊತ್ತಿಕೊಳ್ಳುತ್ತವೆ, ಆರುತ್ತವೆ, ಮತ್ತೆ ಹೊತ್ತಿಕೊಳ್ಳುತ್ತವೆ. ಜೀನು ಒಂದು ಪ್ರೋಟೀನನ್ನು ಮಾಡಿಸುತ್ತದೆ, ಆ ಪ್ರೋಟೀನೇ ಬಂದು ಜೀನನ್ನು ಆರಿಸುತ್ತದೆ. ಪ್ರೋಟೀನು ಕರಗಿದೊಡನೆ ಜೀನು ಮತ್ತೆ ಶುರು. ಇದೇ ಅದರ ಟಿಕ್ ಟಿಕ್. ಹೀಗೊಂದು ಗಡಿಯಾರ ಇರಬೇಕು ಎಂದು 1976ರಲ್ಲಿ ಕುಕ್ ಮತ್ತು ಝೀಮನ್ ಎಂಬ ವಿಜ್ಞಾನಿಗಳು ಲೆಕ್ಕ ಹಾಕಿ ಹೇಳಿದ್ದರು. ನಮ್ಮ ಗದಗ ಪ್ರತ್ಯೇಕ ಜಿಲ್ಲೆಯಾದ 1997ರಲ್ಲಿಯೇ ಫ್ರಾನ್ಸಿನ ಪುರ್ಕಿಯೆ ಅವರ ತಂಡ ಕೋಳಿಯ ಭ್ರೂಣದಲ್ಲಿ ಅದನ್ನು ಕಂಡುಹಿಡಿಯಿತು. ಕೋಳಿಮರಿಯಲ್ಲಿ ಒಂದು ಸುತ್ತಿಗೆ 90 ನಿಮಿಷ, ಇಲಿಯಲ್ಲಿ ಸುಮಾರು 2 ಗಂಟೆ. ಮನುಷ್ಯರ ಜೀವಕೋಶಗಳಲ್ಲಿ ಸುಮಾರು 5 ಗಂಟೆ ಎಂದು 2020ರಲ್ಲಿ ಪ್ರಯೋಗಶಾಲೆಗಳಲ್ಲಿ ಬೆಳೆಸಿದ ಕೋಶಗಳಿಂದ ಗೊತ್ತಾಯಿತು.

ಎರಡನೆಯದು, ತಾಳ. ಭಜನೆಯಲ್ಲಿ ಹತ್ತು ಜನ ಚಪ್ಪಾಳೆ ತಟ್ಟುವಾಗ ಮೊದಮೊದಲು ಹಿಂದೆಮುಂದೆ ಆಗುತ್ತದೆ. ಪಕ್ಕದವರ ಕೈ ಕೇಳಿಸಿಕೊಂಡು ಸ್ವಲ್ಪ ಹೊತ್ತಿಗೆ ಎಲ್ಲರದೂ ಒಂದೇ ತಾಳವಾಗುತ್ತದೆ. ಜೀವಕೋಶಗಳೂ ಹಾಗೆಯೇ. ಒಂದು ಕೋಶದ ಮೈಮೇಲಿನ ಪ್ರೋಟೀನು ಪಕ್ಕದ ಕೋಶದ ಮೈಯನ್ನು ಮುಟ್ಟಿ "ನನ್ನದು ಶುರುವಾಯಿತು, ನಿನ್ನದೂ ಆಗಲಿ" ಎಂದು ತಿಳಿಸುತ್ತದೆ. ಈ ಮುಟ್ಟಿ ಹೇಳುವ ಸಂಕೇತಕ್ಕೆ ನಾಚ್ ಎಂದು ಹೆಸರು. ಇದು ಕೆಟ್ಟರೆ ತಾಳ ತಪ್ಪುತ್ತದೆ.

ಮೂರನೆಯದು, ಎಲ್ಲಿ ನಿಲ್ಲಬೇಕೆಂಬ ಸೂಚನೆ. ಸಂಜೆ ಹೊತ್ತು ಮಿರ್ಚಿ ಭಜಿ ಗಾಡಿಯ ಹತ್ತಿರ ಹೋದಷ್ಟು ವಾಸನೆ ಹೆಚ್ಚು, ದೂರ ಸರಿದಷ್ಟು ಕಡಿಮೆ. ಭ್ರೂಣದ ಬಾಲದ ತುದಿಯಿಂದ ಹೊರಡುವ ಸಂಕೇತವೂ ಹೀಗೆಯೇ ದೂರ ಹೋದಂತೆ ಕ್ಷೀಣಿಸುತ್ತದೆ. ಅದು "ಇನ್ನೂ ಗಟ್ಟಿಯಾಗಬೇಡಿ, ಬೆಳೆಯುತ್ತಿರಿ" ಎನ್ನುತ್ತದೆ. ತಲೆಯ ಕಡೆಯಿಂದ ವಿಟಮಿನ್ ಎ ಯಿಂದ ತಯಾರಾಗುವ ಇನ್ನೊಂದು ಸಂಕೇತ ಬರುತ್ತದೆ, ಅದು ಬಾಲದ ಸಂಕೇತವನ್ನು ತಡೆದು ಹಿಂದಕ್ಕೆ ಸರಿಸುತ್ತದೆ. ಭ್ರೂಣ ಉದ್ದವಾದಂತೆ ಬಾಲದ ತುದಿಯೂ ದೂರ ಸರಿಯುತ್ತದೆ. ಹೀಗಾಗಿ ಒಂದೊಂದೇ ಸಾಲು ಜೀವಕೋಶ ಬಾಲದ ಸಂಕೇತದಿಂದ ಬಿಡುಗಡೆಯಾಗುತ್ತ ಹೋಗುತ್ತದೆ.

ಇನ್ನು ಈ ಮೂರನ್ನೂ ಕೂಡಿಸಿ. ಗದಗ ಬಸ್ ನಿಲ್ದಾಣಕ್ಕೆ ಜನ ಒಂದೇ ಸಮನೆ ಬರುತ್ತಲೇ ಇರುತ್ತಾರೆ. ಬಸ್ಸು ಮಾತ್ರ ಹೊತ್ತಿಗೆ ಸರಿಯಾಗಿ ಹೊರಡುತ್ತದೆ. ಒಂದು ಬಸ್ಸು ಹೋಗಿ ಇನ್ನೊಂದು ಹೊರಡುವುದರೊಳಗೆ ಬಂದು ಸೇರಿದವರೆಲ್ಲ ಒಂದೇ ಬಸ್ಸಿನವರು. ಹಾಗೆಯೇ ಗಡಿಯಾರದ ಒಂದು ಸುತ್ತಿನೊಳಗೆ ಬಿಡುಗಡೆಯಾದ ಜೀವಕೋಶಗಳೆಲ್ಲ ಸೇರಿ ಒಂದು ತುಣುಕು. ಬಸ್ಸು ಹೊತ್ತು ತಪ್ಪಿದರೆ ಒಂದರಲ್ಲಿ ನೂಕುನುಗ್ಗಲು, ಇನ್ನೊಂದು ಖಾಲಿ. ಗಡಿಯಾರ ತಪ್ಪಿದರೆ ಒಂದು ಮಣಿ ಅರ್ಧ ಆಗುತ್ತದೆ, ಎರಡು ಮಣಿ ಅಂಟಿಕೊಳ್ಳುತ್ತವೆ, ಪಕ್ಕೆಲುಬು ಕೂಡಿಕೊಳ್ಳುತ್ತವೆ. ಹುಟ್ಟಿನಿಂದಲೇ ಬೆನ್ನು ಓರೆಯಾಗಿರುವ ಮಕ್ಕಳಲ್ಲಿ ಎಕ್ಸ್‌ರೇ ತೆಗೆದರೆ ಇಂಥದ್ದು ಕಾಣುವುದುಂಟು.

ಪಕ್ಕದಲ್ಲೇ ನಡೆಯುವ ಇನ್ನೊಂದು ಕೆಲಸ

ಇದೇ ದಿನಗಳಲ್ಲಿ, ಈ ತುಣುಕುಗಳ ಎರಡು ಸಾಲುಗಳ ನಡುವೆ, ಮಿದುಳು ಮತ್ತು ಬೆನ್ನಹುರಿ ತಯಾರಾಗುತ್ತಿರುತ್ತವೆ. ಮೊದಲು ಅದು ಹಾಸಿದ ಹಾಳೆಯಂತೆ ಇರುತ್ತದೆ. ರೊಟ್ಟಿಯನ್ನು ಸುರುಳಿ ಮಾಡಿದಂತೆ ಎರಡೂ ಅಂಚು ಮೇಲೆದ್ದು ಕೂಡಿ ಕೊಳವೆಯಾಗುತ್ತದೆ. ಗರ್ಭ ನಿಂತ 28 ದಿನಗಳೊಳಗೆ ಈ ಕೊಳವೆ ಪೂರ್ತಿ ಮುಚ್ಚಬೇಕು. ಕೆಳಗಡೆ ಮುಚ್ಚದೆ ಉಳಿದರೆ ಅಲ್ಲಿನ ಬೆನ್ನಮಣಿಯ ಹಿಂಬದಿಯೂ ಕೂಡುವುದಿಲ್ಲ, ಬೆನ್ನಿನ ಮೇಲೆ ಬಾವು ಬರುತ್ತದೆ. ಇದಕ್ಕೆ ಸ್ಪೈನಾ ಬೈಫಿಡಾ ಎನ್ನುತ್ತಾರೆ. ನಮ್ಮಕ್ಕನ ಕೂಸಿಗೆ ಆಗಿದ್ದು ಇದೇ. ಮೇಲ್ಗಡೆ ಮುಚ್ಚದಿದ್ದರೆ ತಲೆಬುರುಡೆ ಮತ್ತು ಮಿದುಳು ಬೆಳೆಯುವುದಿಲ್ಲ, ಅಂಥ ಕೂಸು ಬದುಕುವುದಿಲ್ಲ.

ಈಗ ದಿನ ಎಣಿಸಿ ನೋಡಿ. ಗರ್ಭ ನಿಂತು ಸುಮಾರು 14 ದಿನಕ್ಕೆ ಮುಟ್ಟಿನ ದಿನ ಬರಬೇಕು, ಬರುವುದಿಲ್ಲ. "ನಾಕ್ ದಿನ ಹಿಂದಮುಂದ ಆಗಿರಬೇಕು" ಎಂದು ಸುಮ್ಮನಿರುತ್ತೇವೆ. ಅಷ್ಟರಲ್ಲಿ ಒಳಗೆ ಮೊದಲ ತುಣುಕು ಮೂಡಿರುತ್ತದೆ. ಮುಟ್ಟು ತಪ್ಪಿ ಎರಡು ವಾರವಾಗುವುದರೊಳಗೆ ಕೊಳವೆ ಮುಚ್ಚಿರುತ್ತದೆ. ನಾವು ಆಶಾ ಕಾರ್ಯಕರ್ತೆಗೆ ಹೇಳಿ, ತಾಯಿ ಕಾರ್ಡು ಮಾಡಿಸಿ, ಇಲ್ಲಿಗೆ ಬರುವುದು ಎರಡು ಮೂರು ತಿಂಗಳಿಗೆ. ಕುಬಸ ಮಾಡುವುದು ಐದಕ್ಕೋ ಏಳಕ್ಕೋ. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಹೊತ್ತಿಗೆ ಕೂಸಿನ ಬೆನ್ನು ಕಟ್ಟಿ ತಿಂಗಳುಗಳೇ ಆಗಿರುತ್ತವೆ.

ಒಂದು ಸಣ್ಣ ಗುಳಿಗೆ

ಕೊಳವೆ ಮುಚ್ಚುವಾಗ ಜೀವಕೋಶಗಳು ಬಹಳ ವೇಗವಾಗಿ ಎರಡಾಗಿ, ನಾಲ್ಕಾಗಿ ಒಡೆಯುತ್ತಿರುತ್ತವೆ. ಅದಕ್ಕೆ ಫೋಲಿಕ್ ಆಮ್ಲ ಎಂಬ ಬಿ ಗುಂಪಿನ ವಿಟಮಿನ್ ಬೇಕು. ಇದರ ಕಥೆ ನಮಗೆ ದೂರದ್ದಲ್ಲ. ನಮ್ಮ ಗದಗ ಸೀಮೆ ಮುಂಬೈ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1928ರಲ್ಲಿ, ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಮುಂಬೈಗೆ ಬಂದರು. ಬಟ್ಟೆ ಗಿರಣಿಯಲ್ಲಿ ದುಡಿಯುವ ಬಡ ಬಸುರಿಯರಿಗೆ ಏಕೆ ರಕ್ತ ಕಡಿಮೆಯಾಗುತ್ತದೆ ಎಂದು ಅಭ್ಯಾಸ ಮಾಡಿದರು. ಈಸ್ಟಿನ ಸಾರ ತಿನ್ನಿಸಿದರೆ ಅವರು ಚೇತರಿಸಿಕೊಳ್ಳುತ್ತಾರೆ ಎಂದು 1931ರಲ್ಲಿ ಬರೆದರು. ಆ ಸಾರದಲ್ಲಿದ್ದದ್ದು ಇದೇ ವಿಟಮಿನ್. 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರೆ ಮಾಡಿದರು. ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಎಂಬ ಹೆಸರು ಬಂತು.

ರಕ್ತಕ್ಕೆ ಒಳ್ಳೆಯದಾದ ಈ ವಿಟಮಿನ್ ಬೆನ್ನಹುರಿಗೂ ಬೇಕು ಎಂಬುದು 1991ರಲ್ಲಿ ಖಚಿತವಾಯಿತು. ಮೊದಲೊಮ್ಮೆ ಇಂಥ ಕೂಸು ಹೆತ್ತಿದ್ದ ತಾಯಂದಿರಿಗೆ 7 ದೇಶಗಳ 33 ಕೇಂದ್ರಗಳಲ್ಲಿ ಗರ್ಭಕ್ಕೆ ಮೊದಲೇ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲ ಕೊಟ್ಟು ನೋಡಿದರು. ತೊಂದರೆ ಮರುಕಳಿಸುವುದು ಶೇಕಡಾ 72ರಷ್ಟು ಕಡಿಮೆಯಾಯಿತು. ಪೂರ್ತಿ ತಪ್ಪುತ್ತದೆ ಎಂದು ನಾನು ಹೇಳುವುದಿಲ್ಲ. ನಾಲ್ಕರಲ್ಲಿ ಸುಮಾರು ಮೂರು ತಪ್ಪುತ್ತವೆ. ಗಡಿಯಾರ ತಪ್ಪಿ ಆಗುವ ಮಣಿಗಳ ದೋಷಕ್ಕೆ ಕಾರಣಗಳು ಬೇರೆ, ಅದಕ್ಕೆ ಈ ಗುಳಿಗೆ ಮದ್ದು ಎಂದೂ ತಿಳಿಯಬೇಡಿ.

ಹಾಗಾದರೆ ಏನು ಮಾಡಬೇಕು?

1. ಮದುವೆಯಾಗಿ ಮಗು ಬೇಕು ಎಂದುಕೊಂಡವರು ಗರ್ಭ ನಿಲ್ಲುವುದಕ್ಕೆ ಒಂದು ತಿಂಗಳಾದರೂ ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಗುಳಿಗೆ ಶುರು ಮಾಡಿ, ಗರ್ಭದ ಮೊದಲ ಮೂರು ತಿಂಗಳು ಮುಂದುವರಿಸಿ. ನಾಲ್ಕನೆಯ ತಿಂಗಳಿನಿಂದ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲ ಎರಡೂ ಇರುವ ಗುಳಿಗೆ ಕೊಡುತ್ತಾರೆ, ಅದನ್ನೂ ಬಿಡಬೇಡಿ.

2. ಮೊದಲು ಇಂಥ ಕೂಸು ಹುಟ್ಟಿದ್ದರೆ ದೊಡ್ಡ ಪ್ರಮಾಣದ ಗುಳಿಗೆ ಬೇಕಾಗುತ್ತದೆ. ಮುಂದಿನ ಗರ್ಭಕ್ಕೆ ಮೊದಲೇ ಬಂದು ಡಾಕ್ಟರನ್ನು ಕಾಣಿರಿ. ನೀವಾಗಿಯೇ ಎಣಿಸಿ ನುಂಗಬೇಡಿ.

3. ಊಟದಲ್ಲಿ ಮೆಂತ್ಯೆ ಪಲ್ಯೆ, ಪಾಲಕ್, ರಾಜಗಿರಿ, ಹೆಸರುಕಾಳು, ಕಡಲೆ ಇರಲಿ. ಸೊಪ್ಪನ್ನು ಬಹಳ ಹೊತ್ತು ಕುದಿಸಿ ನೀರು ಚೆಲ್ಲಿದರೆ ವಿಟಮಿನ್ ಹೋಗುತ್ತದೆ. ಊಟ ಎಷ್ಟೇ ಚೆನ್ನಾಗಿದ್ದರೂ ಗುಳಿಗೆ ಬೇಕು.

4. ಸಕ್ಕರೆ ಕಾಯಿಲೆ ಇದ್ದವರು ಅದನ್ನು ಹತೋಟಿಗೆ ತಂದುಕೊಂಡು ಗರ್ಭ ಧರಿಸಿ. ಮೊದಲ ವಾರಗಳಲ್ಲಿ ಸಕ್ಕರೆ ಏರಿದ್ದರೆ ಬೆನ್ನಿನ ಕೆಳಭಾಗದ ಮಣಿಗಳೇ ಬೆಳೆಯದೆ ಉಳಿಯುವ ಅಪಾಯವಿದೆ.

5. ಮೂರ್ಛೆ ರೋಗದ ಗುಳಿಗೆಗಳಲ್ಲಿ ಕೆಲವು, ಅದರಲ್ಲೂ ವಾಲ್‌ಪ್ರೋಯೇಟ್, ಭ್ರೂಣದ ಬೆನ್ನಹುರಿಗೆ ತೊಂದರೆ ಮಾಡುತ್ತವೆ. ತಟ್ಟನೆ ನಿಲ್ಲಿಸಬೇಡಿ, ಮೂರ್ಛೆ ಬಂದೀತು. ಮೊದಲೇ ಡಾಕ್ಟರಿಗೆ ತಿಳಿಸಿದರೆ ಗುಳಿಗೆ ಬದಲಿಸುತ್ತಾರೆ.

6. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಗುಳಿಗೆ ವಿಟಮಿನ್ ಎ ಜಾತಿಯದು. ಆಗಲೇ ಹೇಳಿದ ತಲೆಯ ಕಡೆಯ ಸಂಕೇತವೂ ಅದೇ ಜಾತಿಯದು. ಬಸುರಾಗುವವರು ಅದನ್ನು ತೆಗೆದುಕೊಳ್ಳಲೇಬಾರದು. ಗಜ್ಜರಿ, ಪಪ್ಪಾಯಿಯ ಬಣ್ಣದಲ್ಲಿರುವ ವಿಟಮಿನ್ ಎ ಯಿಂದ ಈ ಭಯವಿಲ್ಲ.

7. ಗರ್ಭದ ಮೊದಲ ದಿನಗಳಲ್ಲಿ ಜೋರು ಜ್ವರ ಬಂದರೆ ಮನೆಯಲ್ಲೇ ಕೂಡಬೇಡಿ, ಬಂದು ತೋರಿಸಿ.

8. 18ರಿಂದ 20 ವಾರದೊಳಗೆ ಸ್ಕ್ಯಾನ್ ಮಾಡಿಸಿ. ಅದರಲ್ಲಿ ಬೆನ್ನು, ತಲೆ, ಹೃದಯ ನೋಡುತ್ತಾರೆ. ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ ಕಾನೂನಿನ ಪ್ರಕಾರ ಅಪರಾಧ.

ಸಂಬಂಧದಲ್ಲಿ ಮದುವೆ

ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತರುವ ರೂಢಿ ನಮ್ಮಲ್ಲಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಕಾಲುಭಾಗದಷ್ಟು ಮದುವೆಗಳು ಹೀಗೆ ರಕ್ತಸಂಬಂಧದಲ್ಲೇ ಆಗುತ್ತವೆ. ಭಜನೆಯ ತಾಳದಂತೆ ಎಂದೆನಲ್ಲ, ಆ ಸಂಕೇತದ ಒಂದು ಜೀನು ಕೆಟ್ಟಿದ್ದರೆ ಬೆನ್ನಮಣಿ, ಪಕ್ಕೆಲುಬುಗಳು ಅಸ್ತವ್ಯಸ್ತವಾಗುತ್ತವೆ ಎಂದು 2000ದಲ್ಲಿ ಪತ್ತೆಯಾಯಿತು. ಆ ಜೀನಿನ ಕೆಟ್ಟ ಪ್ರತಿ ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದರೆ ಮಾತ್ರ ಈ ರೋಗ. ಒಂದೇ ಮನೆತನದವರಾದರೆ ಇಬ್ಬರಲ್ಲೂ ಅದೇ ಪ್ರತಿ ಇರುವ ಸಂಭವ ಹೆಚ್ಚು. ಇಂಥ ಮಗು ಹುಟ್ಟಿದರೆ ಸೊಸೆಯ ಕಡೆಗೆ ಬೆರಳು ತೋರಿಸುವವರು ಇದನ್ನು ನೆನಪಿಡಿ, ಅರ್ಧ ನಿಮ್ಮ ಮಗನದೂ ಇದೆ. ಆಗಲೇ ಸಂಬಂಧದಲ್ಲಿ ಮದುವೆಯಾಗಿರುವವರು ಹೆದರಬೇಡಿ. ಹೆಚ್ಚಿನವರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತಾರೆ. ಡಾಕ್ಟರಿಗೆ ಸಂಬಂಧ ಮುಚ್ಚಿಡದೆ ಹೇಳಿದರೆ ಸಾಕು.

ಮುಂಡರಗಿ ಕಡೆಯ ಹಿರಿಯರು ಕೆಲವರು "ನಮ್ಮೂರ ನೀರಿನಿಂದ ಬೆನ್ನು ಬಾಗತೈತಲ್ರೀ, ಅದೂ ಇದೂ ಒಂದೇ ಏನು?" ಎಂದು ಕೇಳುತ್ತಾರೆ. ಅಲ್ಲ. ಅದು ಫ್ಲೋರೈಡ್ ಹೆಚ್ಚಿರುವ ನೀರು ವರ್ಷಗಟ್ಟಲೆ ಕುಡಿದು ಆಗುವುದು. ಇದು ಹುಟ್ಟುವ ಮೊದಲೇ ಆಗುವುದು.

ಕೂಸು ಹುಟ್ಟಿದ ಮೇಲೆ

ಹುಟ್ಟಿದ ಕೂಸಿನ ಬೆನ್ನನ್ನು ತಲೆಯಿಂದ ಕೆಳಗಿನವರೆಗೆ ನೋಡಿ. ಬಾವು ಇದ್ದರೆ ಅರಿಶಿನ, ಬೂದಿ, ಎಣ್ಣೆ ಯಾವುದನ್ನೂ ಹಚ್ಚಬೇಡಿ, ಒತ್ತಬೇಡಿ, ಒಡೆಯಬೇಡಿ. ದಾದಿಯರು ಕೊಟ್ಟ ಸ್ವಚ್ಛ ತೇವದ ಬಟ್ಟೆ ಮುಚ್ಚಿ, ಕೂಸನ್ನು ಹೊಟ್ಟೆಯ ಮೇಲೆ ಅಥವಾ ಮಗ್ಗುಲಾಗಿ ಮಲಗಿಸಿ ಬೇಗ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಮೊದಲ ಎರಡು ಮೂರು ದಿನಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ಸೋಂಕು ತಪ್ಪುತ್ತದೆ. ಬಾವು ಇಲ್ಲದಿದ್ದರೂ ಸೊಂಟದ ಮೇಲೆ ಕೂದಲಿನ ಗುಚ್ಛ ಅಥವಾ ಆಳವಾದ ಕುಳಿ, ಒಂದು ಕಾಲು ಸೊರಗಿರುವುದು, ಮೂತ್ರ ತೊಟ್ಟಿಕ್ಕುತ್ತಲೇ ಇರುವುದು, ಭುಜ ಏರುಪೇರಾಗಿರುವುದು ಕಂಡರೆ ತೋರಿಸಿ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಬೆನ್ನಹುರಿಯ ಈ ದೋಷ ಅವರ ಪಟ್ಟಿಯಲ್ಲಿದೆ, ಚಿಕಿತ್ಸೆಗೆ ಹಣ ಕೊಡಬೇಕಿಲ್ಲ.

ಕೊನೆಯ ಮಾತು

ಗ್ರಹಣದ ದಿನ ಬಸುರಿ ಒಳಗೆ ಕೂಡಬೇಕು ಎಂದು ನಿಮ್ಮ ಮನೆಯ ಪದ್ಧತಿ ಇದ್ದರೆ ಕೂಡಲಿ, ನಾನು ಬೇಡ ಎನ್ನುವುದಿಲ್ಲ. ಆದರೆ ಅವಳನ್ನು ಉಪವಾಸ ಇಡಬೇಡಿ, ಗುಳಿಗೆ ತಪ್ಪಿಸಬೇಡಿ. ಗ್ರಹಣ ಪಾಲಿಸದ ದೇಶಗಳಲ್ಲೂ ಇಂಥ ಮಕ್ಕಳು ಹುಟ್ಟುತ್ತಾರೆ. ಬೆನ್ನಿನ ಮಣಿ ಕಟ್ಟುವುದು ಜೀವಕೋಶಗಳ ಮಾತುಕತೆಯಿಂದ, ಈಳಿಗಿಯಿಂದ ಅಲ್ಲ.

ನಮ್ಮಕ್ಕ ಎರಡನೆಯ ಸಲ ಗರ್ಭಕ್ಕೆ ಮೂರು ತಿಂಗಳು ಮೊದಲೇ ಡಾಕ್ಟರು ಬರೆದ ಗುಳಿಗೆ ನುಂಗಿದಳು. ಹುಟ್ಟಿದ ಮಗಳು ಈಗ ಶಾಲೆಗೆ ಹೋಗುತ್ತಾಳೆ. ದೊಡ್ಡ ಮಗ ಕ್ಯಾಲಿಪರ್ ಹಾಕಿಕೊಂಡು ಅವಳ ಜೊತೆಗೇ ಹೋಗುತ್ತಾನೆ, ಲೆಕ್ಕದಲ್ಲಿ ಅವಳಿಗಿಂತ ಮುಂದು. ನಾನು ಅಕ್ಕನ ಕ್ಷಮೆ ಕೇಳಿದೆ. "ನಿನಗ ಗೊತ್ತಿರಲಿಲ್ಲ, ಬಿಡು. ಈಗ ಗೊತ್ತಾತಲ್ಲ, ನಾಕು ಮಂದಿಗೆ ಹೇಳು" ಎಂದಳು.

ಅದಕ್ಕೇ ಹೇಳುತ್ತಿದ್ದೇನೆ. ಅತ್ತೆಯವರೇ, ಹೊಸ ಸೊಸೆ ಮನೆ ತುಂಬಿದ ತಿಂಗಳಲ್ಲೇ ಅವಳನ್ನು ಕರೆದುಕೊಂಡು ಬನ್ನಿರಿ. ಕುಬಸದ ತನಕ ಕಾಯಬೇಡಿ. ಮತ್ತು ನಿಮ್ಮ ಓಣಿಯಲ್ಲಿ ಎಲ್ಲಿಯಾದರೂ ಬೆನ್ನಿನ ದೋಷವಿರುವ ಕೂಸು ಹುಟ್ಟಿದರೆ, ಆ ಬಾಣಂತಿಗೆ "ಏನು ಮಾಡಿದ್ದಿ?" ಎಂದು ಕೇಳಬೇಡಿ. "ಆಸ್ಪತ್ರೆಗೆ ಯಾವಾಗ ಹೋಗೂಣು?" ಎಂದು ಕೇಳಿರಿ.

ನಿಮ್ಮ ಹೆಸರು ಕರೆಯುತ್ತಿದ್ದಾರೆ, ಹೋಗಿ ಬನ್ನಿರಿ.